ಹೊಸ್ತಿಲ ಮೇಲೆ ಹುರ್ಗೋ

ದೋಷ ಸಂಖ್ಯೆ ನಾನೂರ ಹನ್ನೆರಡು:
ಕುಬ್ಜ ಹುರ್ಗೋ ಬಾಗಿಲು ದಾಟುವುದಿಲ್ಲ.
ಆರು ಜನರ ದಂಡು; ಐವರು ಒಳಗೆ,
ಇವನೊಬ್ಬ ಹೊಸ್ತಿಲ ಮೇಲೆ
ಕೊಡಲಿ ಹೆಗಲಿಗೇರಿಸಿ, ಗೋಡೆಗೆ ಮೂಗು ತಾಗಿಸಿ
ನಿಂತಲ್ಲೇ ನಡೆಯುತ್ತಾನೆ.

ತಾರ್ತು ಊರಲ್ಲಿ ಚಳಿಗಾಲ, ಮೂರೂವರೆಗೇ ಕತ್ತಲು.
ಹಳೆಯ ಅಂಗಿಗುಂಡಿ ಕಾರ್ಖಾನೆಯ ಮೂರನೇ ಮಹಡಿ,
ಕೆಮ್ಮುವ ಹೀಟರು. ನನ್ನ ಕೆಲಸ ಆಡುವುದು.
ಆಡುವುದೆಂದರೆ ಆಟವಲ್ಲ:
ಒಂದೇ ಬಾಗಿಲನ್ನು ಅರವತ್ತು ಸಲ ತೆರೆದು
ಅರವತ್ತೊಂದನೆಯ ಸಲ ಏನು ತಪ್ಪಿತೆಂದು ಬರೆಯುವುದು.

ಇಂದ್ರೆಕ್ ಮೂರು ವಾರ ತಡಕಾಡಿದ.
"ಭುಜ ಅಗಲ, ಬಾಗಿಲು ಕಿರಿದು," ಅಂದ,
"ಬಾಗಿಲು ಹಿಗ್ಗಿಸಿದರೆ ದೈತ್ಯ ನುಗ್ಗುತ್ತಾನೆ,
ಭುಜ ಕುಗ್ಗಿಸಿದರೆ ಕವಚ ಹೊಟ್ಟೆಯೊಳಗೆ ಇಳಿಯುತ್ತದೆ."
ರೈ ಬ್ರೆಡ್ಡಿನ ಚೂರು
ಕೀಲಿಮಣೆಯ ಸಂದಿಗೆ ಉದುರಿಸುತ್ತ ಅಂದ.

ಇನ್ನೂ ಇದ್ದವು, ಸುಳ್ಳೇಕೆ.
ಪೂಜಾರಿಣಿ ವಾಲ್ಮೇ ಸತ್ತವನಿಗೇ ಮದ್ದೆರೆಯುತ್ತಿದ್ದಳು,
ಬದುಕಿದ್ದವನು ಪಕ್ಕದಲ್ಲೇ ನೆತ್ತರು ಕಾರುವಾಗ.
ಚೀಲದ ತುಂಬ ಮುನ್ನೂರು ಮೊಂಡು ಚಾಕು,
ಕೊಳ್ಳಲು ಒಬ್ಬನೇ ಸೆಟ್ಟಿ, ಅವನ ಗಲ್ಲದಲ್ಲಿ ಹತ್ತು ಕಾಸು.
ಜೌಗು ನೆಲದಲ್ಲಿ ಹೆಜ್ಜೆಗೊಂದು ಕಾಳಗ,
ಅವೇ ನಾಲ್ಕು ತೋಳ; ಕೊಂದಷ್ಟೂ ಬೇಸರ.
ಮತ್ತೆ, ಆರನೆಯ ನಗರ.
ದುಡ್ಡು ತೀರಿದಾಗ ಉಳಿದದ್ದು ಮಹಾದ್ವಾರ ಮಾತ್ರ,
ಅದರ ಮುಂದೊಬ್ಬ ಕಾವಲಿನವನು.
"ಇಂದು ನಗರ ಮುಚ್ಚಿದೆ" ಅನ್ನುತ್ತಾನೆ.
ಯಾವಾಗ ಹೋದರೂ ಅದೇ ಇಂದು.

ಆದರೆ ಬಿಡಾರ ಹೂಡಿ ಬೆಂಕಿ ಹಚ್ಚಿದಾಗ
ಕಳ್ಳಿ ತಿಹಾನೆ ವಾಲ್ಮೇಯ ಜಪಸರ ಕದ್ದು
ಬೆಳಗಾಗುವ ಮುಂಚೆ ತಲೆದೆಸೆಗೆ ಇಟ್ಟುಬಿಡುತ್ತಾಳೆ,
ಒಂದು ಮಣಿ ಹೆಚ್ಚಿಗೆ ಪೋಣಿಸಿ.
ಎರಡನೇ ಅಧ್ಯಾಯದಲ್ಲಿ ನೀನಾಡಿದ ಸುಳ್ಳನ್ನು
ಐದನೆಯದರಲ್ಲಿ ಹುರ್ಗೋ ನೆನಪಿಸುತ್ತಾನೆ,
ಉಪ್ಪು ಕೊಡುತ್ತ, ಮುಖ ನೋಡದೆ.
ಇದೆಲ್ಲ ಬರೆದವಳು ಮೆರ್ಲೆ.
ನೂರರಲ್ಲಿ ತೊಂಬತ್ತು ಜನಕ್ಕೆ ಕಾಣುವುದೇ ಇಲ್ಲವಲ್ಲ, ಅಂದೆ.
"ನಿದ್ದೆ ಬಾರದೆ ಬೆಂಕಿಯ ಹತ್ತಿರ
ಸುಮ್ಮನೆ ಕೂತವರಿಗೆ ಕಂಡರೆ ಸಾಕು."

ಬಿಡುಗಡೆಗೆ ಒಂಬತ್ತು ದಿನ. ಬಾಗಿಲು ಹಾಗೇ ಇದೆ.
ಮೆರ್ಲೆ ಬಂದಳು, ಕೋಟು ಬಿಚ್ಚದೆ ಒಂದು ಮಾತು ಬರೆದಳು:
"ನೀವು ನಡೀರಿ. ಬೆನ್ನಿಗೆ ಯಾರಾದರೂ ಬರ್ತಾರಾ ನೋಡ್ತೀನಿ."
ಮರುದಿನ ಇನ್ನೊಂದು, ನಾಲ್ಕನೇ ಅಧ್ಯಾಯದ ಬೆಂಕಿಯ ಬಳಿಗೆ:
"ಗಣಿ ಕುಸಿದ ದಿನ ಮೊದಲು ಒಳಗೆ ಹೋದವನು ನಾನು.
ಮೊದಲು ಹೊರಗೆ ಬಂದವನೂ ನಾನೇ.
ನನ್ನ ಹಿಂದೆ ಏಳು ಜನ ಇದ್ದರು."
ಇಂದ್ರೆಕ್ ಓದಿದ. ಚೂರು ಉದುರಿಸಲಿಲ್ಲ.

ಸಾರೆಮಾ ದ್ವೀಪದಿಂದ ಒಂದು ಕಾರ್ಡು ಬಂತು,
ದೋಣಿ ನಡೆಸುವ ಒಬ್ಬಾತನ ದಪ್ಪಕ್ಷರ:
ತೋಳಗಳ ಕಾಟ ತಾಳಲಾರೆವು, ಕೊನೆಯ ಕೋಟೆ ಅವಸರದ ಕೆಲಸ,
ಆದರೆ ಪ್ರತಿ ಬಾಗಿಲಲ್ಲೂ ನಾನೂ ಮಗಳೂ
ಹಿಂದಕ್ಕೆ ಹೋಗಿ ಕುಬ್ಜನನ್ನು ಕರೆದುಕೊಂಡೇ ಬರುತ್ತೇವೆ.
ಅವನೊಬ್ಬನನ್ನೇ ಬಿಡಲು ಅವಳು ಒಪ್ಪುವುದಿಲ್ಲ.

ಮಾರ್ಚಿಯಲ್ಲಿ ಇಂದ್ರೆಕ್‌ಗೆ ಸಿಕ್ಕಿತು: ಒಂದು ಕಳೆಯುವ ಚಿಹ್ನೆ,
ಕೂಡಬೇಕಾದ ಕಡೆ.
ಅಳಿಸಿದ. ಕೇಕು ತಂದ. ಎಲ್ಲರೂ ಚಪ್ಪಾಳೆ.
ನಾನು ಮೊದಲ ಬಾಗಿಲು ತೆರೆದೆ.
"ನೀವು ನಡೀರಿ," ಅಂದ ಹುರ್ಗೋ,
ಅಂದು, ಎಲ್ಲರಿಗಿಂತ ಮೊದಲು ಒಳಗೆ ನಡೆದುಬಿಟ್ಟ.
ಅರವತ್ತು ಸಲ ನೋಡಿದೆ.

ದೋಷ ಸಂಖ್ಯೆ ಸಾವಿರದ ಒಂಬೈನೂರ ಆರು:
ಕುಬ್ಜ ಹುರ್ಗೋ ಬಾಗಿಲು ದಾಟುತ್ತಾನೆ.
ತೀವ್ರತೆ? ಆ ಖಾನೆ ಖಾಲಿ ಬಿಟ್ಟು
ಕಿಟಕಿಗೆ ಹೋದೆ. ಎಮಾಯೋಗಿ ನದಿ ಒಡೆಯುತ್ತಿತ್ತು.
ಒಂದು ಹಿಮಗಡ್ಡೆ ಸೇತುವೆಯ ಕಂಬಕ್ಕೆ ಒರಗಿ,
ಉಳಿದವು ದಾಟಿಹೋಗುತ್ತಿದ್ದರೂ,
ನಿಂತಲ್ಲೇ ನಡೆಯುತ್ತಿತ್ತು.