ಮಂಕು, ಮಿಂಚು

ಗ್ಯುಮ್ರಿಯ ಅಂಗಡಿಯಲ್ಲಿ ವಾಹ್ರಾಮ್
ಎರಡು ಲ್ಯಾಪ್‌ಟಾಪು ತೆರೆದಿಟ್ಟ.
"ಇದು ಮಿರಮಿರ ಮಿಂಚು. ಇದು ಮಂಕು, ಕಣ್ಣಿಗೆ ತಂಪು."

ಶುಶಾನಿಕ್‌ಗೆ ಕಸುಬು, ಸತ್ತವರ ಮುಖ ತಿದ್ದುವುದು:
ಮದುವೆ ಫೋಟೋದಿಂದ ಕತ್ತರಿಸಿ,
ಹೆಗಲ ಮೇಲಿನ ಪರರ ಕೈ ಅಳಿಸಿ,
ಗೋರಿಯ ಕರಿಗಲ್ಲಿಗೆ ಕೆತ್ತಲು ಕಳಿಸುವುದು.

ಪೆನ್‌ಡ್ರೈವಿನಿಂದ ಒಬ್ಬ ಮುದುಕನನ್ನು ತೆರೆದಳು.
ಮಿಂಚಿನ ಪರದೆಯಲ್ಲಿ ಕಪ್ಪು ನಿಜಕ್ಕೂ ಕಪ್ಪು,
ಆದರೆ ಅವನ ಹುಬ್ಬಿನ ಮೇಲೆ ಇವಳ ಹುಬ್ಬು,
ಹಿಂದೆ ಟ್ಯೂಬ್‌ಲೈಟು, ವಾಹ್ರಾಮನ ಆಕಳಿಕೆ.

ಮಂಕಿನಲ್ಲಿ ಅವನೊಬ್ಬನೇ,
ತುಸು ಬೂದಿ ಸವರಿದಂತೆ.

"ಮಂಕೇ ಇರಲಿ."
ಚೌಕಾಸಿಯಿಲ್ಲದೆ ದುಡ್ಡು ಎಣಿಸಿದಳು.

ಭಾನುವಾರ ಅಮ್ಮನ ಕಲ್ಲು ಒರೆಸಿದಳು.
ತಾನೇ ತಿದ್ದಿದ ಮುಖ,
ಕನ್ನಡಿಯಂಥ ನುಣುಪು.
ಮೂಗು ಯಾರದೆಂದು ತಿಳಿಯಲಿಲ್ಲ.
ಬಟ್ಟೆ ಮಡಚಿ
ಇನ್ನೊಮ್ಮೆ ಒರೆಸಿದಳು.