ನಾಲ್ಕು ನಿಮಿಷ

ಟಿ.ವಿ.ಗೆ ಹೊದಿಸಿದ್ದ ಟವೆಲ್ ಇವತ್ತು ತೆಗೆದೆ.
ಜೂನ್‌ನಿಂದ ಅದು ಗೋಡೆಯ ಮೇಲೆ,
ಮುಸುಕೆಳೆದು ಮಲಗಿದ ನೆಂಟನ ಹಾಗೆ.

ಮಾಲ್ದಾರೆ. ಐದನೇ ತರಗತಿ, ಹನ್ನೊಂದು ಮಕ್ಕಳು.
ಲೈನ್‌ಮನೆಯಿಂದ ಬರುವಾಗ ಚುಬ್ರಿ
ಮುಷ್ಟಿಯಲ್ಲಿ ಕಾಫಿ ಹಣ್ಣೊಂದು ತಂದಿದ್ದಳು;
ತುದಿಯಲ್ಲಿ ಸೂಜಿ ಚುಚ್ಚಿದಷ್ಟೇ ತೂತು.
"ರೈಟರ್ ಇದನ್ನ ತೂಕಕ್ಕೆ ಹಿಡಿಯೋದಿಲ್ಲ ಟೀಚರ್. ಯಾಕೆ?"

ಪುಸ್ತಕದಲ್ಲಿ ಇರಲಿಲ್ಲ.
ಫೋನಿನ ಕ್ಯಾಮೆರಾ ಮೇಲೆ ಕಡ್ಡಿಯಿಂದ
ಒಂದೇ ಹನಿ ನೀರಿಟ್ಟೆ. ಅದೇ ಮಸೂರ.
ವೈರು ಟಿ.ವಿ.ಗೆ ಸಿಕ್ಕಿಸಿ ಹಣ್ಣು ಸೀಳಿದರೆ
ಗೋಡೆಯಗಲ ಎದ್ದಿತು ಕಪ್ಪು ಹುಳ,
ಬೆನ್ನ ತುಂಬ ರೋಮ,
ಕಾಲೆತ್ತಿ ನಮ್ಮನ್ನೇ ತಡಕುತ್ತ.

ಹಿಂದಿನ ಬೆಂಚು ಮುಂದೆ ಬಂತು.
ಅಸ್ಸಾಮಿನಿಂದ ಬಂದು ಮೂರು ತಿಂಗಳು
ತುಟಿ ಬಿಚ್ಚದ ರಫೀಕುಲ್
"ಪೋಕ್!" ಅಂದ.
ಬೋರ್ಡಿನಲ್ಲಿ ಬರೆದೆವು: ಹುಳ, ಪುಳು, ಪೋಕ್.

ಆರಿಸಿದೆ. ಟವೆಲ್ ಮತ್ತೆ ಹೊದಿಸಿದೆ.
ಗಂಟೆ ಹೊಡೆಯುವ ತನಕ
ಸೀಳಿದ ಹಣ್ಣು ಕೈಯಿಂದ ಕೈಗೆ.

ಸಿ.ಆರ್.ಪಿ. ಕೊಟ್ಟ ಫಾರಂನಲ್ಲಿ ಒಂದು ಕಾಲಂ:
ಉಪಕರಣ ಬಳಸಿದ ಅವಧಿ.
ನಾಲ್ಕು ನಿಮಿಷ, ಅಂತ ತುಂಬಿದೆ.
ಕಡಿಮೆಯಾಯಿತೇನೋ.

ಚುಬ್ರಿ ಇನ್ನೂ ಬಾಗಿಲಲ್ಲೇ ನಿಂತಿದ್ದಾಳೆ.
"ಒಳಗೆ ಅಷ್ಟು ಕತ್ತಲೆ.
ಅದಕ್ಕೆ ಕಣ್ಣು ಯಾಕೆ, ಟೀಚರ್?"