ಹತ್ತರಲ್ಲಿ ಎಷ್ಟು

ಹೋದ ಸೋಮವಾರ ದೇರಳಕಟ್ಟೆಯ ಲ್ಯಾಬಿನಲ್ಲಿ
ಮಾವಿನೆಲೆಯ ಕಷಾಯಕ್ಕೆ ಬೆಳ್ಳಿಯ ಉಪ್ಪು ಹನಿಸಿದೆವು.
ಮೊದಲು ತಿಳಿ ಹಳದಿ, ಆಮೇಲೆ ಜೇನು, ಆಮೇಲೆ
"ನಮ್ಮ ಮನೆಯ ಕಣ್ಣಚಾ!" ಎಂದಳು ಮಿಸ್ರಿಯಾ.
ಅಷ್ಟೇ. ಬೆಳ್ಳಿ ಕಣ್ಣಿಗೆ ಕಾಣದಷ್ಟು ಹುಡಿಯಾಗಿತ್ತು;
ಒಂದು ಕೂದಲೆಳೆಯ ಅಗಲಕ್ಕೆ ಸಾಲು ನಿಲ್ಲಿಸಿದರೆ
ಎರಡು ಸಾವಿರ ಹಿಡಿಸಬಹುದು.

ಇದು ನಾಳೆ ಬಾಯಿ ಮುಕ್ಕಳಿಸುವ ನೀರು.
ಪುದೀನದ ಪರಿಮಳ, ಹಸಿರು ಮುಚ್ಚಳ.
ಮಾರುವವರು ಚೀಟಿ ಆಗಲೇ ಬರೆದಿಟ್ಟಿದ್ದಾರೆ:
"ಗಿಡದ್ದು. ಹಾಗಾಗಿ ಭಯವಿಲ್ಲ."

ಆ "ಹಾಗಾಗಿ"ಯ ಹತ್ತಿರ ನನ್ನ ಕಣ್ಣು ಎಡವುತ್ತದೆ.

ಆಟಿ ಅಮಾಸೆಯ ನಸುಕಿಗೆ ನಮ್ಮ ಶೀನ ಮಾವ
ಪಾಲೆಯ ಕೆತ್ತೆ ತರಲು ಹೋದವನು
(ಕಬ್ಬಿಣ ತಾಗಿಸದೆ, ಕಲ್ಲಿನಲ್ಲೇ ಜಜ್ಜಿ, ಕಟ್ಟಳೆ ತಪ್ಪದೆ)
ಕತ್ತಲಲ್ಲಿ ತಂದದ್ದು ಕಾಸರಕದ್ದು.
ಅದೂ ಗಿಡದ್ದೇ. ಅದೂ ಕಹಿಯೇ.
ಪುಣ್ಯಕ್ಕೆ ಮಕ್ಕಳು ಏಳುವ ಮೊದಲೇ ಅವನು ಕುಡಿದು ನೋಡಿದ್ದ.
ವೆನ್ಲಾಕಿನಲ್ಲಿ ಮೂರು ದಿನ ದವಡೆ ಸೆಟೆದು ಮಲಗಿದ್ದನಂತೆ.
ಬದುಕಿದ. ಅಂದಿನಿಂದ ಪ್ರತಿ ವರ್ಷ
ಮುನ್ನಾದಿನ, ಹಗಲಿನಲ್ಲೇ ಹೋಗಿ
ಪಾಲೆಯ ಬುಡಕ್ಕೊಂದು ನೂಲು ಕಟ್ಟಿ ಬರುತ್ತಾನೆ,
ಕತ್ತಲಲ್ಲಿ ಕೈಗೆ ಸಿಗುವ ಹಾಗೆ.

ನನ್ನದೂ ನೂಲು ಕಟ್ಟುವ ಕೆಲಸ.

ಉಪ್ಪುನೀರಿನ ಸಿಗಡಿಮರಿ, ಒಂದು ದಿನದ ಪ್ರಾಯ,
ಗುಳಿಗೆ ಹತ್ತರಂತೆ.
ಅಪ್ಪ ಬಂದರಿನ ಧಕ್ಕೆಯಲ್ಲಿ ಎಟ್ಟಿಯನ್ನು
ಬುಟ್ಟಿ ಲೆಕ್ಕದಲ್ಲಿ ಕೂಗುತ್ತಿದ್ದರು;
ಮಗಳು ಉಸಿರು ಬಿಗಿಹಿಡಿದು ಒಂದೊಂದನ್ನೇ ಎಣಿಸುತ್ತಾಳೆ.

ಐದು ಮೈಕ್ರೋಗ್ರಾಂ: ಹತ್ತೂ ಈಜುತ್ತಿವೆ.
ಹತ್ತು: ಹತ್ತೂ.
ಇಪ್ಪತ್ತು: ಒಂಬತ್ತು. ಇನ್ನೊಂದು ತಳದಲ್ಲಿ ಮಲಗಿ
ಸುಮ್ಮನೆ ಕಾಲಾಡಿಸುತ್ತಿದೆ, ಅಥವಾ ನೀರೇ ಆಡಿಸುತ್ತಿದೆ.
ಇದನ್ನು ಯಾವ ಕಡೆ ಬರೆಯಲಿ?
ಹತ್ತು ಸೆಕೆಂಡು ನೋಡಬೇಕೆಂದು ನಿಯಮ.
ನಾನು ಮೂವತ್ತು ನೋಡಿದೆ.
ನಲವತ್ತು: ಆರು.
ಎಂಬತ್ತು: ಅಲ್ಲಾಡದ ಬಿಳಿ ಹುಡಿ.

"ವಸಡಿನ ಕೋಶ ಬಾಕಿ ಇದೆ, ಮೀನಿನ ಮೊಟ್ಟೆ ಬಾಕಿ ಇದೆ,
ಈಗಲೇ ಏನೂ ಹೇಳಬೇಡ," ಎಂದರು ಫ್ಲೇವಿಯಾ ಮೇಡಂ.
ಸರಿ. ಸಿಗಡಿಗೆ ಹಲ್ಲಿಲ್ಲ, ಗೊತ್ತು.
ಆದರೆ ಅಕ್ಕನ ಮಗ ತನುಷ್‌ಗಿದೆ, ಹಾಲುಹಲ್ಲು ಇಪ್ಪತ್ತು;
ಮುಕ್ಕಳಿಸು ಎಂದರೆ ಕಣ್ಣು ಮುಚ್ಚಿ
ಗುಟುಕ್ಕೆಂದು ನುಂಗಿ, ನಗುತ್ತಾನೆ.

ಉಳ್ಳಾಲದ ಮನೆಯಲ್ಲಿ ರಾತ್ರಿ ಅಮ್ಮ ಕೇಳಿದರು:
"ಇದಕ್ಕೆಲ್ಲ ಇಷ್ಟು ರಗಳೆ ಯಾಕೆ?
ನಾವು ಹಣ್ಣಾದ ಮಾವಿನೆಲೆ ಸುರುಟಿ ಉಜ್ಜಿದವರಲ್ಲವಾ,
ಏನಾಗಿದೆ ನಮಗೆ?"

ಏನೂ ಆಗಿಲ್ಲಮ್ಮಾ.
ಆ ಎಲೆ, ಉಗುಳಿದರೆ,
ಎಲ್ಲಿ ಬಿತ್ತೆಂದು ಕಾಣುತ್ತಿತ್ತು.